‘ಹರಿ’ ಎಂದರೆ ಕಪ್ಪೆಯಂತೆ!

ಮಕ್ಕಳ ಕನ್ನಡ ವ್ಯಾಕರಣದ ಗೈಡುಗಳಲ್ಲಿ ‘ನಾನಾರ್ಥಗಳು’ ಎಂಬ ಪುಟ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹರಿ: ವಿಷ್ಣು, ಸಿಂಹ, ಕುದುರೆ, ಕಪ್ಪೆ. ಕರ: ಕೈ, ತೆರಿಗೆ, ಕಿರಣ, ಸೊಂಡಿಲು. ಮಕ್ಕಳು ಇದನ್ನು ಮಗ್ಗಿಯ ಹಾಗೆ ಉರುಹೊಡೆಯುತ್ತಾರೆ, ಬರೆದು ಎರಡು ಅಂಕ ಪಡೆಯುತ್ತಾರೆ, ಮರೆತುಬಿಡುತ್ತಾರೆ. ಹೊರನಾಡಿನಲ್ಲಿ ನಾವು ನಡೆಸುವ ಭಾನುವಾರದ ಕನ್ನಡ ತರಗತಿಗಳಿಗೂ ಇದೇ ಪುಟದ ಜೆರಾಕ್ಸ್ ಬರುತ್ತದೆ. ಆ ಪುಟವನ್ನು ಹರಿದು ಹಾಕಬೇಕು ಎಂಬುದು ನನ್ನ ವಾದ.

ಗಮನಿಸಿ, ‘ಹರಿದು’ ಎಂದೆ. ಆ ಪಟ್ಟಿಯಲ್ಲಿ ಈ ‘ಹರಿ’ಗೆ ಜಾಗವೇ ಇಲ್ಲ. ಹೊಳೆ ಹರಿಯುತ್ತದೆ, ಅಂಗಿ ಹರಿಯುತ್ತದೆ, ಹಾವು ಸರಸರನೆ ಹರಿದುಹೋಗುತ್ತದೆ, ಸಾಲ ಹರಿಯುತ್ತದೆ, ಬೆಳಕು ಹರಿಯುತ್ತದೆ, ಜಗಳ ಬಗೆಹರಿಯುತ್ತದೆ. ಮನೆಯ ಮಾತಿನಲ್ಲಿ ಮಗುವಿನ ಕಿವಿಗೆ ಬೀಳುವುದು ಈ ಹರಿ. ಕಪ್ಪೆಯನ್ನು ನೋಡಿ ‘ಹರಿ ಬಂತು’ ಎಂದ ಕನ್ನಡಿಗರನ್ನು ನೀವು ಕಂಡಿದ್ದೀರಾ?

ಈ ಪಟ್ಟಿಯ ಬೇರು ಹಳೆಯದು. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗ ಎಂಬ ಭಾಗವೇ ಇದೆ. ಸಂಸ್ಕೃತ ಕಾವ್ಯ ಓದುವವರಿಗೆ, ಶ್ಲೇಷೆ ಕಟ್ಟುವ ಕವಿಗಳಿಗೆ ಅದು ಬೇಕಾದ ಸಾಮಗ್ರಿ. ಅಂಥವರು ಬಾಯಿಪಾಠ ಮಾಡಲಿ, ತಕರಾರಿಲ್ಲ. ಮೊದಲ ಕನ್ನಡ ಕಥೆಪುಸ್ತಕ ಕೈಗೆತ್ತಿಕೊಂಡ ಹತ್ತು ವರ್ಷದ ಮಗುವಿಗೆ ಅದರ ತುಣುಕನ್ನು ಕೊಟ್ಟು ‘ಶಬ್ದಸಂಪತ್ತು’ ಎಂದು ಕರೆಯುವುದು ಮಾತ್ರ ಮೋಸ.

ಕರ್ನಾಟಕದೊಳಗಿನ ಮಗು ಈ ಮೋಸವನ್ನು ಹೇಗೋ ದಾಟಿಕೊಳ್ಳುತ್ತದೆ. ಉಳಿದ ಅರ್ಥಗಳನ್ನು ಬೀದಿ, ಬಸ್ಸು, ಅಂಗಡಿ ಕಲಿಸುತ್ತವೆ. ನಮ್ಮ ಮಕ್ಕಳಿಗೆ ಕನ್ನಡದ ಬೀದಿ ಇಲ್ಲ. ಮನೆಯ ನಾಲ್ಕು ಮಾತು, ವಾರಕ್ಕೊಂದು ತರಗತಿ, ಅಷ್ಟೇ. ‘ಕಟ್ಟು’ ಎಂದರೆ ಹಗ್ಗದಿಂದ ಬಿಗಿಯುವುದು ಎಂದಷ್ಟೇ ಕಲಿತ ಮಗು ಕಥೆಯಲ್ಲಿ ‘ಮನೆ ಕಟ್ಟಿದರು’, ‘ಫೀಸು ಕಟ್ಟಿದರು’, ‘ಮೂಗು ಕಟ್ಟಿದೆ’, ‘ಮೋಡ ಕಟ್ಟಿದೆ’ ಎಂಬುದನ್ನು ಓದಿ ತಬ್ಬಿಬ್ಬಾಗುತ್ತದೆ. ಎರಡು ಪುಟ ಹೀಗಾದರೆ ಪುಸ್ತಕ ಮುಚ್ಚಿಡುತ್ತದೆ. ‘ನಮ್ಮ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ’ ಎಂದು ಹಲುಬುತ್ತೇವಲ್ಲ, ಅದಕ್ಕೆ ಇದೂ ಒಂದು ಕಾರಣ.

‘ಚಿಕ್ಕವರಿಗೆ ಗೊಂದಲ ಬೇಡ, ಒಂದು ಪದಕ್ಕೆ ಒಂದೇ ಅರ್ಥ ಸಾಕು’ ಎನ್ನುವವರಿದ್ದಾರೆ. ‘ಕಾಲು’ ಎಂದು ಬರೆದು ಕಾಲಿನ ಚಿತ್ರ ಅಂಟಿಸಿದ ಕಾರ್ಡುಗಳು ಈ ನಂಬಿಕೆಯ ಮೇಲೇ ನಿಂತಿವೆ. ‘ಹತ್ತು ಮೆಟ್ಟಿಲು ಹತ್ತು’ ಎಂದು ಐದು ವರ್ಷದ ಮಗುವಿಗೆ ಹೇಳಿ ನೋಡಿ. ಅದು ಎಣಿಸುತ್ತಲೇ ಹತ್ತುತ್ತದೆ. ಗೊಂದಲ ಹುಟ್ಟುವುದು ವಾಕ್ಯದಿಂದ ಪದವನ್ನು ಕಿತ್ತಾಗ. ‘ಕಾಲು ಕೆಜಿ ಸಕ್ಕರೆ’ ಎಂದಾಗ ಯಾರೂ ಅಂಗಡಿಯವನ ಪಾದ ನೋಡುವುದಿಲ್ಲ.

ನಮ್ಮ ಮಕ್ಕಳಿಗೆ ಕೊರತೆಯ ಜೊತೆಗೆ ಒಂದು ಅನುಕೂಲವೂ ಇದೆ: ಪಕ್ಕದ ಭಾಷೆ. ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. ಆದ್ದರಿಂದ ‘ಕಳ್ಳನಿಗೆ ಶಿಕ್ಷೆ ಆಯಿತು’ ಎಂಬುದನ್ನು ದೆಹಲಿಯ ಮಗು ಕಳ್ಳ ಶಾಲೆಗೆ ಸೇರಿದ ಎಂದುಕೊಳ್ಳಬಹುದು. ಪುಣೆಯ ಮಗುವಿಗೆ ಆ ತೊಡಕಿಲ್ಲ, ಮರಾಠಿಯಲ್ಲೂ ಶಿಕ್ಷಾ ಎಂದರೆ ದಂಡನೆಯೇ. ಚೆನ್ನೈನ ಮಗುವಿನ ಕೈಯಲ್ಲಂತೂ ಹಳಗನ್ನಡದ ಕೀಲಿಯೇ ಇದೆ. ‘ತಿಳಿ’ ಎಂಬ ಅರ್ಥದ ಅರಿ ಹಿಂದೆ ‘ಅಱಿ’ ಆಗಿತ್ತು, ‘ಕತ್ತರಿಸು’ ಎಂಬ ಅರ್ಥದ್ದು ‘ಅರಿ’. ಕನ್ನಡದಲ್ಲಿ ಱ ಬಳಕೆ ತಪ್ಪಿ ಎರಡೂ ಒಂದೇ ಆದವು. ತಮಿಳು ಇಂದಿಗೂ ಎರಡನ್ನು ಬೇರೆ ಬೇರೆ ಅಕ್ಷರದಲ್ಲಿ ಬರೆಯುತ್ತದೆ. ಇದನ್ನು ಮಗುವಿಗೆ ತೋರಿಸಿದರೆ ಭಾಷೆಯ ಇತಿಹಾಸವೇ ಅದಕ್ಕೆ ಆಟವಾಗುತ್ತದೆ.

ಇದಕ್ಕೆ ಹಣ ಬೇಡ, ಹೊಸ ಪಠ್ಯಪುಸ್ತಕವೂ ಬೇಡ. ವಾರಕ್ಕೊಂದು ಪದ ಸಾಕು: ಕಟ್ಟು, ಹಿಡಿ, ಬಿಡು, ಹೊಡೆ, ಹತ್ತು, ಆರು. ಪ್ರತಿ ಪದಕ್ಕೆ ಐದು ವಾಕ್ಯ. ‘ಇಲ್ಲಿ ಯಾವ ಅರ್ಥ? ಹೇಗೆ ಗೊತ್ತಾಯಿತು?’ ಎಂದು ಕೇಳಿ. ಎರಡನೆಯ ಪ್ರಶ್ನೆಯೇ ಓದು ಕಲಿಸುವುದು, ಮಗು ಅಕ್ಕಪಕ್ಕದ ಪದಗಳನ್ನು ನೋಡತೊಡಗುತ್ತದೆ. ಆರನೆಯ ವಾಕ್ಯವನ್ನು ಅಜ್ಜಿಗೆ ಫೋನ್ ಮಾಡಿ ತರಲಿ. ಧಾರವಾಡದ ಅಜ್ಜಿಯೂ ಮಂಗಳೂರಿನ ಅಜ್ಜಿಯೂ ಬೇರೆ ಬೇರೆ ವಾಕ್ಯ ಕೊಟ್ಟರೆ ಇನ್ನೂ ಒಳ್ಳೆಯದು.

ಮುಂದಿನ ಭಾನುವಾರ ನಿಮ್ಮ ಸಂಘದ ತರಗತಿಗೆ ಹೋಗಿ ಹಲಗೆಯ ಮೇಲೆ ಏನಿದೆ ನೋಡಿ. ಪದದ ಮುಂದೆ ವಾಕ್ಯವಿದ್ದರೆ ಕೈಮುಗಿದು ಬನ್ನಿ. ಅಲ್ಪವಿರಾಮ ಹಾಕಿದ ಪಟ್ಟಿಯಿದ್ದರೆ ಮೇಷ್ಟ್ರನ್ನು ಮರ್ಯಾದೆಯಿಂದಲೇ ಕೇಳಿ: ಈ ಮಕ್ಕಳಿಗೆ ಹೊಳೆ, ಅಂಗಿ, ಬೆಳಕು ಹರಿಯುವುದು ಯಾವಾಗ?