ಮಷಿನ್ ಹಾಡು ಕೆಡಿಸಲಿಲ್ಲ, 'ಪ್ರೇಮಲೋಕ' ಕೇಳಿ ನೋಡಿ

ಜಾತ್ರೆ ಬಂತು ಅಂದರೆ ಊರ ಕಟ್ಟೆಯ ಮೇಲೆ ಒಂದೇ ಮಾತು. "ಕಂಪ್ಯೂಟರ್ ಬಂದು ಹಾಡೆಲ್ಲ ಹಾಳಾಯ್ತು. ನಮ್ಮ ಕಾಲದ ಹಾಡು ಕೇಳ್ರಪ್ಪ." ಯಾವ ಹಾಡು ಅಂತ ಕೇಳಿ, ಐವತ್ತು ದಾಟಿದ ಎಷ್ಟೋ ಜನ ಹೇಳುವ ಹೆಸರು 'ಪ್ರೇಮಲೋಕ'.

ಅದನ್ನೇ ನಾವು ಈ ವಾರ ಇಯರ್‌ಫೋನ್ ಹಾಕಿಕೊಂಡು ಮೊದಲಿಂದ ಕೊನೆವರೆಗೆ ಮತ್ತೆ ಕೇಳಿದೆವು. ಹಿರಿಯರೇ, ಬೇಜಾರು ಮಾಡ್ಕೋಬೇಡಿ. ನೀವು ಬೈಯುವ ಮಷಿನ್ ಸದ್ದು ಅದರಲ್ಲೂ ಇದೆ! 1987ರಲ್ಲಿ ರವಿಚಂದ್ರನ್ ಸಿನಿಮಾಕ್ಕೆ ಹಂಸಲೇಖ ಕೊಟ್ಟ ಸಂಗೀತದಲ್ಲಿ ಸಿಂಥಸೈಜರ್ ಸದ್ದು ಮುಚ್ಚುಮರೆ ಇಲ್ಲದೆ ಕೇಳಿಸುತ್ತೆ. ಅದು ಹೊಸ ಸದ್ದು ಅಂತಲೇ ಅವತ್ತಿನ ಹುಡುಗರು ಕುಣಿದರು. ಆ ಹುಡುಗರೇ ಇವತ್ತಿನ ಹಿರಿಯರು.

ಹಾಗಾದರೆ ಅದು ಉಳಿದದ್ದು ಯಾಕೆ? ಸಾಹಿತ್ಯವೂ ಹಂಸಲೇಖರದ್ದೇ, ರಾಗವೂ ಅವರದ್ದೇ. ಮಾತು, ಟ್ಯೂನು ಒಂದೇ ತಲೆಯಲ್ಲಿ ಹುಟ್ಟಿದವು. ಹುಡುಗ ಕೇಳ್ತಾನೆ, ಹುಡುಗಿ ಉತ್ತರ ಕೊಡ್ತಾಳೆ, ನಾವು ದಿನಾ ಆಡುವ ಮಾತೇ ಹಾಡಾಗುತ್ತೆ. ಅದಕ್ಕೆ ಎಸ್‌ಪಿಬಿ, ಯೇಸುದಾಸ್, ಜಾನಕಿಯಮ್ಮನ ದನಿ. ಕರೆಂಟ್ ಹೋದರೂ, ಸ್ಪೀಕರ್ ಕೆಟ್ಟರೂ ಹೊಲದಲ್ಲಿ ಕಳೆ ಕೀಳುತ್ತಾ ಗುನುಗಬಹುದು. ನಮ್ಮ ಪ್ರಕಾರ ಒಳ್ಳೆ ಹಾಡಿಗೆ ಪರೀಕ್ಷೆ ಇದೊಂದೇ.

ಹಾಗಂತ ಎಲ್ಲವನ್ನೂ ತಲೆಮೇಲೆ ಹೊತ್ತು ಮೆರೆಸಲ್ಲ. ಹುಡುಗಿಯ ಹಿಂದೆ ಬಿದ್ದು ಕಾಡಿಸೋದನ್ನೇ ಪ್ರೀತಿ ಅನ್ನುವ ಧಾಟಿ ಅದರಲ್ಲಿದೆ. ತಂಗಿಯರು ದಿನಾ ಬಸ್ ಹಿಡಿದು ಕಾಲೇಜಿಗೆ ಹೋಗುವಾಗ ಇವತ್ತು ಅದಕ್ಕೆ ನಗೋಕೆ ಆಗಲ್ಲ. ಆ ತಪ್ಪು ಮಷಿನ್‌ದಲ್ಲ, ಮನುಷ್ಯರದ್ದು.

ರಾತ್ರಿ ಹನ್ನೆರಡಕ್ಕೆ ಎದೆ ನಡುಗಿಸುವ ಸ್ಪೀಕರ್ ಬೇಡ ಅನ್ನಿ, ನಾವೂ ನಿಮ್ಮ ಜೊತೆ ಇದ್ದೀವಿ. ಪರೀಕ್ಷೆಗೆ ಓದೋ ಮಕ್ಕಳಿದ್ದಾರೆ, ಹಸುಗೂಸುಗಳಿವೆ. ಆದರೆ ಅದು ವಾಲ್ಯೂಮ್‌ ಮೇಲಿನ ಸಿಟ್ಟು. ಅದನ್ನು ಮೊಬೈಲಿನಲ್ಲಿ ಬೀಟ್ ಕೂಡಿಸಿ ಸ್ವಂತ ಹಾಡು ಕಟ್ಟುವ ಹುಡುಗರ ಮೇಲೆ ತೀರಿಸಿಕೊಳ್ಳಬೇಡಿ.

ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ಬೀಟ್ ಹಿಂದೆ ಅಡಗಬೇಡಿ. ಬೀಟ್ ನಿಲ್ಲಿಸಿದ ಮೇಲೂ ಬಾಯಲ್ಲಿ ಉಳಿಯುವ ಒಂದು ಸಾಲು ಬರೆಯಿರಿ.

ಜಾತ್ರೆ ಕಮಿಟಿಯವರೇ, ಈ ಸಲ ಆರ್ಕೆಸ್ಟ್ರಾಕ್ಕೆ ಮುಂಚೆ ಅರ್ಧ ಗಂಟೆ ಊರ ಮಕ್ಕಳ ಸ್ವಂತ ಹಾಡಿಗೆ ಮೈಕ್ ಕೊಡಿ. ಚೆನ್ನಾಗಿಲ್ಲದಿದ್ದರೆ ಆಮೇಲೆ ಬೈಯೋಣ. ಕೇಳದೇ ಬೈಯೋದು ಮಾತ್ರ ನ್ಯಾಯ ಅಲ್ಲ.