ಮಕ್ಕಳ ವಿದ್ಯೆಯೂ ಗಣಕಯಂತ್ರವೂ



ಮೈಸೂರು ದಸರಾ ಮಹೋತ್ಸವಕ್ಕೆ ಆನೆಗಳ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಎಂಬುದು ತಮಗೆಲ್ಲ ತಿಳಿದ ಸಂಗತಿ. ನಾಗರಹೊಳೆ ಅರಣ್ಯದ ಹೆಬ್ಬಾಗಿಲಿನಂತಿರುವ ಆ ಊರಿನಲ್ಲಿ ಪೂಜೆಗೊಂಡು ಹೊರಟ ಆನೆಗಳನ್ನು ಮೈಸೂರಿನಲ್ಲಿ ತೂಕ ಮಾಡುತ್ತಾರೆ. ತೂಕವನ್ನು ನೋಡಿಕೊಂಡು ಆಹಾರವನ್ನು ಗೊತ್ತುಮಾಡುತ್ತಾರೆ. ಮೊದಲು ಬರಿಬೆನ್ನಿನ ನಡಿಗೆ, ಅನಂತರ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಪಳಗಿದ ಆನೆ ಕಟ್ಟಕಡೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊರುತ್ತದೆ. ತೂಕದ ಯಂತ್ರ ಅಂಕಿಯನ್ನು ಹೇಳುತ್ತದೆ. ಆನೆಗೆ ಇಂದು ಮನಸ್ಸಿಲ್ಲ, ಕಾಲು ನೋಯುತ್ತಿದೆ ಎಂಬುದನ್ನು ಹೇಳಬಲ್ಲವನು ಮಾವುತ. ಮಕ್ಕಳ ವಿದ್ಯೆಯಲ್ಲಿ ಗಣಕಯಂತ್ರದ ಸ್ಥಾನವೂ ಇಷ್ಟೇ. ಆದರೆ ಈ ‘ಇಷ್ಟೇ’ ಎಂಬುದನ್ನು ಅಲ್ಪವೆಂದು ಭಾವಿಸಬಾರದು.

ಕಳೆದ ವರ್ಷ ಆ ಭಾಗದ ಒಂದು ಗ್ರಾಮಕ್ಕೆ, ಭಕ್ತರೊಬ್ಬರ ಮನೆಯ ಪ್ರಸಾದಕ್ಕೆಂದು ಹೋಗಿದ್ದೆವು. ಮನೆಯ ಯಜಮಾನರು ಹೊಗೆಸೊಪ್ಪು, ರಾಗಿ ಬೆಳೆಯುವ ರೈತರು. ಮಗಳು ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಗಳಲ್ಲಿ, ಕನ್ನಡ ಮಾಧ್ಯಮದಲ್ಲಿಯೇ ಓದಿ, ಪಿ.ಯು. ವಿಜ್ಞಾನದಲ್ಲಿ ಒಳ್ಳೆಯ ಅಂಕ ಗಳಿಸಿದವಳು. ಇಂಜಿನಿಯರಿಂಗ್ ಓದಬೇಕೆಂಬುದು ಆಕೆಯ ಹಂಬಲ. ಸಿ.ಇ.ಟಿ. ಅರ್ಜಿಯನ್ನು ಪೇಟೆಯ ಒಂದು ಅಂಗಡಿಯಲ್ಲಿ ತುಂಬಿಸಿದ್ದರು. ಗ್ರಾಮೀಣ ಮೀಸಲಾತಿ ಕೋರುವಿರಾ, ಕನ್ನಡ ಮಾಧ್ಯಮದ ಮೀಸಲಾತಿ ಕೋರುವಿರಾ ಎಂಬ ಎರಡು ಪ್ರಶ್ನೆಗಳಿಗೂ ‘ಇಲ್ಲ’ ಎಂದೇ ದಾಖಲಾಗಿತ್ತು. ಅಂಗಡಿಯಲ್ಲಿ ನೂಕುನುಗ್ಗಲು, ಕೇಳುವವರಿಗೆ ಪುರುಸೊತ್ತಿಲ್ಲ, ಹೇಳಬೇಕಾದವರಿಗೆ ತಿಳಿಯದು. ತಿದ್ದುಪಡಿಗೆ ಕೊಟ್ಟ ದಿನಗಳೂ ಕಳೆದುಹೋದವು. ಹತ್ತು ವರ್ಷ ಕೆಸರು ತುಳಿದು ಶಾಲೆಗೆ ಹೋದ ಮಗುವಿಗೆ, ಅಂಥವರಿಗಾಗಿಯೇ ಮೀಸಲಿಟ್ಟ ಶೇಕಡ 15ರ ಗ್ರಾಮೀಣ ಪಾಲೂ ಶೇಕಡ 5ರ ಕನ್ನಡ ಮಾಧ್ಯಮದ ಪಾಲೂ ದಕ್ಕಲಿಲ್ಲ. ಬಯಸಿದ ಕಾಲೇಜು ಕೈತಪ್ಪಿತು.

ತಂದೆ ತಲೆ ತಗ್ಗಿಸಿ ಹೇಳಿದರು: “ಬುದ್ಧಿ, ಹೊಗೆಸೊಪ್ಪಿನ ಬೇಲು ಹರಾಜಿಗೆ ಹೋದ ದಿವಸ ಗ್ರೇಡು ಸರಿಯಾಗಿ ಹಾಕಿದರೋ ಇಲ್ಲವೋ ಅಂತ ಪಕ್ಕದಲ್ಲೇ ನಿಂತು ನೋಡ್ತೀನಿ. ಮಗಳ ಅರ್ಜಿ ತುಂಬೋವಾಗ ಮಾತ್ರ ಅಂಗಡಿ ಹೊರಗೆ ನಿಂತುಬಿಟ್ಟೆ.” ಈ ಮಾತು ಕೇಳಿದ ಮೇಲೆ ನಮಗೆ ಪ್ರಸಾದ ಗಂಟಲಲ್ಲಿ ಇಳಿಯಲಿಲ್ಲ. ತಪ್ಪು ಯಂತ್ರದ್ದಲ್ಲ, ಯಂತ್ರ ತನಗೆ ಹೇಳಿದ್ದನ್ನು ನಂಬಿತು. ಹೇಳಬೇಕಾದವರು ನಾವು ದೂರ ನಿಂತೆವು.

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಗುರುಗಳು ನಸುಕಿನಲ್ಲಿ ಅಮರಕೋಶವನ್ನು ಒಪ್ಪಿಸಿಕೊಳ್ಳುತ್ತಿದ್ದರು. ಮೂವತ್ತು ಮಕ್ಕಳಲ್ಲಿ ಯಾರು ನಿನ್ನೆ ಎಲ್ಲಿ ತಡವರಿಸಿದರು ಎಂಬುದು ಅವರ ನೆನಪಿನಲ್ಲಿರುತ್ತಿತ್ತು. ಇಂದು ಆ ನೆನಪಿನ ಕೆಲಸವನ್ನು ಗಣಕಯಂತ್ರವು ಮಾಡುತ್ತಿದೆ. ಕರ್ನಾಟಕದಲ್ಲಿ ಶಾಲೆಗೆ ಸೇರಿದ ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆಯುಂಟು. ಮಗು ಯಾವ ವರ್ಷ, ಯಾವ ಶಾಲೆಯಲ್ಲಿ, ಯಾವ ಮಾಧ್ಯಮದಲ್ಲಿ ಓದಿತೆಂಬ ವಿವರ ಅದರಲ್ಲಿ ಅಡಗಿದೆ. ಅಲ್ಲಿ ಹೆಸರಿನ ಒಂದಕ್ಷರವೋ ಜನ್ಮದಿನಾಂಕವೋ ತಪ್ಪಿದ್ದರೆ, ಆ ತಪ್ಪು ಮಗುವಿನ ಬೆನ್ನು ಹತ್ತಿ ಕಾಲೇಜಿನವರೆಗೂ ಬರುತ್ತದೆ.

ಕಲಿಕೆಯ ವಿಷಯವನ್ನೂ ನೋಡೋಣ. 2017ರಲ್ಲಿ ಆರಂಭವಾದ ‘ದೀಕ್ಷಾ’ ವ್ಯವಸ್ಥೆಯಿಂದಾಗಿ, ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಸಂಕೇತವನ್ನು ಮೊಬೈಲಿಗೆ ತೋರಿಸಿದರೆ ಆ ಪಾಠಕ್ಕೆ ಸಂಬಂಧಿಸಿದ ದೃಶ್ಯಪಾಠ, ಅಭ್ಯಾಸದ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗದೆಂಬ ದೂರು ನ್ಯಾಯವಾದದ್ದೇ. ಪೇಟೆಗೆ ಹೋದಾಗ ಪಾಠಗಳನ್ನು ಇಳಿಸಿಕೊಂಡರೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು. ಆದರೆ ಪರದೆ ಗುರುವಿಗೆ ಬದಲಿಯಲ್ಲ. 2020ರಲ್ಲಿ ಕೊರೊನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ, ಸರ್ಕಾರವು ದೂರದರ್ಶನದ ಪಾಠಗಳಷ್ಟಕ್ಕೇ ನಿಲ್ಲದೆ ‘ವಿದ್ಯಾಗಮ’ವೆಂಬ ಹೆಸರಿನಲ್ಲಿ ಶಿಕ್ಷಕರನ್ನೇ ಹಳ್ಳಿಗಳಿಗೆ ಕಳುಹಿಸಿತು. ಮರದ ನೆರಳಿನಲ್ಲಿ, ಗುಡಿಯ ಜಗಲಿಯಲ್ಲಿ ಪಾಠ ನಡೆದವು. ಮಗುವಿನ ಮುಖ ನೋಡಿ ‘ತಿಳಿಯಲಿಲ್ಲವೇ?’ ಎಂದು ಕೇಳುವ ಜೀವವೊಂದು ಬೇಕೇಬೇಕು.

ಇನ್ನು ಮುಂದಿನ ವಿದ್ಯೆಯ ಯೋಜನೆ. ಸಿ.ಇ.ಟಿ. ವ್ಯವಸ್ಥೆ ನಮ್ಮ ರಾಜ್ಯದಲ್ಲಿ 1994ರಲ್ಲಿ ಆರಂಭವಾಯಿತು. ಆಗ ತಂದೆ ಮಕ್ಕಳು ಬೆಂಗಳೂರಿಗೆ ಹೋಗಿ, ಸರದಿಯಲ್ಲಿ ಕಾದು, ಸೀಟು ಆರಿಸಿಕೊಳ್ಳಬೇಕಿತ್ತು. ಇಂದು ಕಾಲೇಜು ಮತ್ತು ಕೋರ್ಸುಗಳ ಪಟ್ಟಿಯನ್ನು ಮನೆಯಿಂದಲೇ ಕೊಡಬಹುದು. ಯಂತ್ರವು ವಿದ್ಯಾರ್ಥಿಯ ರ್‍ಯಾಂಕಿಗೆ ತಕ್ಕಂತೆ ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದು, ಮೊದಲು ಖಾಲಿ ಸಿಕ್ಕ ಸ್ಥಾನದಲ್ಲಿ ನಿಲ್ಲುತ್ತದೆ. ಆದುದರಿಂದ ಅತ್ಯಂತ ಬಯಸಿದ್ದು ಪಟ್ಟಿಯ ತಲೆಯಲ್ಲಿಯೇ ಇರಬೇಕು. ನಾಲ್ಕೈದು ಹೆಸರಿಗೆ ಪಟ್ಟಿ ಮುಗಿಸಿದರೆ ಬರಿಗೈಯಲ್ಲಿ ಹಿಂದಿರುಗುವ ಭಯ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಬರೆದರೆ ಅದೇ ಕೊರಳಿಗೆ ಬೀಳುವ ಭಯ. ನಿಜವಾದ ಹಂಚಿಕೆಗೆ ಮುಂಚೆ ನಡೆಯುವ ಅಣಕು ಸೀಟು ಹಂಚಿಕೆಯು ಪಟ್ಟಿಯನ್ನು ಮತ್ತೊಮ್ಮೆ ಪರಿಶೀಲಿಸಿ ಕ್ರಮವನ್ನು ತಿದ್ದಿಕೊಳ್ಳಲು ಇರುವ ಅವಕಾಶ.

ಈ ಕಾರಣದಿಂದ ಭಕ್ತರ ಮನೆಮನೆಯಲ್ಲಿಯೂ ಕೆಲವು ಕಾರ್ಯಗಳು ನಡೆಯಲೆಂದು ಬಯಸುತ್ತೇವೆ. ಮಗು ಎಂಟನೆಯ ತರಗತಿಗೆ ಬಂದೊಡನೆ ಒಂದು ನೋಟ್‌ಪುಸ್ತಕ ಮಾಡಿ, ಸ್ಯಾಟ್ಸ್ ಸಂಖ್ಯೆ, ಆಧಾರಿನಲ್ಲಿರುವ ಹೆಸರಿನ ಅಕ್ಷರಗಳು, ನಾಡಕಚೇರಿ ಕೊಟ್ಟ ಜಾತಿ–ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ, ಇವನ್ನು ಬರೆದಿಡಿರಿ; ಒಂದಕ್ಕೊಂದು ಹೊಂದುವುವೇ ಎಂದು ನೋಡಿರಿ. ನಮ್ಮ ಸಮಾಜದ ಮಕ್ಕಳಿಗೆ ಬೇಕಾಗುವ 3ಬಿ ಪ್ರಮಾಣಪತ್ರವನ್ನು ಕೊನೆಯ ದಿನದವರೆಗೆ ಕಾಯದೆ ಮಾಡಿಸಿರಿ. ಪ್ರತಿ ಪರೀಕ್ಷೆಯ ಅಂಕಗಳನ್ನೂ ಅದರಲ್ಲಿಯೇ ಬರೆದು, ಯಾವ ವಿಷಯದಲ್ಲಿ ಇಳಿಮುಖವೆಂದು ಮಗುವಿನ ಜೊತೆ ಕುಳಿತು ಮಾತನಾಡಿರಿ, ಬೈಯಬೇಡಿರಿ. ಅರ್ಜಿಯನ್ನು ಅಂಗಡಿಯಲ್ಲಿ ತುಂಬಿಸುವುದಾದರೂ ಪಕ್ಕದಲ್ಲಿ ಕುಳಿತು ಪ್ರತಿ ಕಲಮನ್ನೂ ಓದಿಸಿ ಕೇಳಿರಿ. ಪಾಸ್‌ವರ್ಡನ್ನೂ ಫೋನಿಗೆ ಬರುವ ಗುಟ್ಟಿನ ಸಂಖ್ಯೆಯನ್ನೂ ಅನ್ಯರ ಕೈಗೆ ಕೊಡಬೇಡಿರಿ.

ಮತ್ತೊಂದು ಮಾತು. ಅದೇ ಸೀಮೆಯಲ್ಲಿ ಕಾಡಿನಿಂದ ಹೊರಬಂದ ಗಿರಿಜನರ ಹಾಡಿಗಳಿವೆ. ಅಲ್ಲಿಯ ಅನೇಕ ಮಕ್ಕಳ ಕೈಗೆ ಈ ಯಂತ್ರ ಇನ್ನೂ ಸಿಕ್ಕಿಲ್ಲ. ಅವರಿಗಾಗಿ ಅರ್ಜಿ ಓದಿ ಹೇಳುವ ಹಿರಿಯರೂ ಕಡಿಮೆ. ನಮ್ಮ ಮಗುವನ್ನು ಯಂತ್ರದ ಮುಂದೆ ಕೂರಿಸುವಾಗ ಹಾಡಿಯ ಒಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡರೆ, ಅದು ಅನ್ನದಾಸೋಹಕ್ಕೆ ಕಡಿಮೆಯಾದ ದಾಸೋಹವಲ್ಲ.

ಆ ರೈತರ ಮಗಳ ವಿಷಯವನ್ನು ಹೇಳಿ ಮುಗಿಸುತ್ತೇವೆ. ಆಕೆ ಹುಣಸೂರಿನಲ್ಲಿ ಬಿ.ಎಸ್ಸಿ.ಗೆ ಸೇರಿದ್ದಾಳೆ. ಈ ವರ್ಷ ಅರ್ಜಿಯ ದಿನಗಳಲ್ಲಿ ಊರಿನ ಮಕ್ಕಳನ್ನು ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿದಳಂತೆ. ಗ್ರಾಮೀಣ ಮೀಸಲಾತಿಯ ಪ್ರಶ್ನೆ ಬಂದಾಗ ಮಾತ್ರ ಎರಡು ಸಲ ಕೇಳುತ್ತಿದ್ದಳಂತೆ. ಅವಳ ತಂದೆ ಈ ಸಲ ಹೊರಗೆ ನಿಲ್ಲದೆ, ಮಕ್ಕಳ ಪಕ್ಕದಲ್ಲಿಯೇ ಕುಳಿತಿದ್ದರೆಂದು ಕೇಳಿ ಸಂತೋಷವಾಯಿತು. ತಮ್ಮೆಲ್ಲರ ಮನೆಯ ಜಗಲಿಗಳಲ್ಲಿಯೂ ಇಂಥ ಪಾಠ ನಡೆಯಲಿ ಎಂದು ಹಾರೈಸುತ್ತೇವೆ.