ಹಾಯಿದೋಣಿಯೂ ಪಿಯುಸಿ ಪುಸ್ತಕವೂ



ನಮ್ಮ ವಿಜಯನಗರದಲ್ಲಿ ಮಕ್ಕಳ ಆಟವೆಂದರೆ ಈಜು, ಷಟಲ್, ಕಬಡ್ಡಿ, ಹೆಚ್ಚೆಂದರೆ ಸ್ಕೇಟಿಂಗು. ಪಕ್ಕದ ಬೀದಿಯ ಹುಡುಗಿಯೊಬ್ಬಳು ಎನ್‌ಸಿಸಿಯ ನೌಕಾದಳ ಸೇರಿ ಹಾಯಿದೋಣಿ ಕಲಿತು ಸ್ಪರ್ಧೆಗೆ ಹೋಗತೊಡಗಿದಾಗ ನಮಗೆಲ್ಲ ಸೋಜಿಗ. ಸಮುದ್ರವೇ ಇಲ್ಲದ ಊರಿನಲ್ಲಿ ಇದೆಂಥ ಆಟ ಅಂತ! ಅವಳು ಈಗ ಎರಡನೇ ಪಿಯುಸಿ, ಅದೂ ವಿಜ್ಞಾನ. ಅವಳಮ್ಮ ಮೊನ್ನೆ ಹುಣಸೇಹಣ್ಣಿನ ಬೀಜ ಬಿಡಿಸುತ್ತಾ, "ಅಕ್ಕಾ, ಈ ವರ್ಷ ಬಿಡಿಸಿಬಿಡ್ಲಾ? ಟ್ಯೂಷನ್ ತಪ್ಪುತ್ತೆ, ಮೈಯೆಲ್ಲ ಕಪ್ಪಾಗಿದೆ, ಜೊತೆಯ ಹುಡುಗೀರೂ ಈಗ ಮನೆ ಕಡೆ ಬರೋಲ್ಲ" ಅಂದರು. ಮೂರು ಮಾತಿನಲ್ಲಿ ತಾಯಿಯ ಸಂಕಟವೆಲ್ಲ ಬಂದುಬಿಟ್ಟಿತು.

ಮೊದಲು ಆಟ ಏನೆಂದು ತಿಳಿಯೋಣ. ಈ ದೋಣಿಗೆ ಮೋಟಾರೂ ಇಲ್ಲ, ಹುಟ್ಟೂ ಇಲ್ಲ. ಗಾಳಿ, ಹಾಯಿ, ಚುಕ್ಕಾಣಿ, ಜೊತೆಗೆ ಕೂತವರ ಮೈಭಾರ, ಇಷ್ಟೇ. ಗಾಳಿಗೆ ಎದುರಾಗಿ ನೆಟ್ಟಗೆ ಹೋಗಲು ಆಗದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹಾಯಬೇಕು. ಒಂದು ಸ್ಪರ್ಧೆಯಲ್ಲಿ ಹಲವು ಪಂದ್ಯಗಳು. ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2, ಹೀಗೆ. ಕೊನೆಗೆ ಯಾರ ಅಂಕ ಕಡಿಮೆಯೋ ಅವರೇ ಗೆದ್ದ ಹಾಗೆ. ಸಾಮಾನ್ಯವಾಗಿ ಅತಿ ಕೆಟ್ಟ ಪಂದ್ಯವೊಂದನ್ನು ಲೆಕ್ಕದಿಂದ ತೆಗೆದುಬಿಡುತ್ತಾರೆ. ನಮ್ಮ ಪರೀಕ್ಷಾ ಮಂಡಳಿಯವರಿಗೂ ಇಂಥ ಬುದ್ಧಿ ಬಂದಿದ್ದರೆ ಎಷ್ಟು ಮನೆಗಳಲ್ಲಿ ನಿದ್ದೆ ಇರುತ್ತಿತ್ತೋ!

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ 11 ಪಂದ್ಯಗಳಲ್ಲಿ ಪಡೆದದ್ದು 32 ಅಂಕ; ಕೆಟ್ಟ ಪಂದ್ಯದ 5 ಕಳೆದು 27. ಹದಿನೇಳು ವರ್ಷದ ಆ ಹುಡುಗಿ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮಗಳು. ಕಲಿತದ್ದು ಭೋಪಾಲದಲ್ಲಿ, ಕೆರೆಯ ನೀರಿನಲ್ಲಿ. ಹಾಗಾಗಿ ಸಮುದ್ರ ಇಲ್ಲ ಅನ್ನೋ ಮಾತನ್ನು ಪಕ್ಕಕ್ಕಿಡೋಣ. ನಮ್ಮ ಹಲಸೂರು ಕೆರೆಯ ಬಳಿಯೇ ಸೈನ್ಯದ ಮದ್ರಾಸ್ ಸ್ಯಾಪರ್ಸ್ ಕೇಂದ್ರವಿದೆ, ಆ ಕೆರೆಯಲ್ಲಿ ಸೈನಿಕರು ಹಾಯಿ ಬಿಚ್ಚುತ್ತಾರೆ. ವಿಜಯನಗರದಿಂದ ನೇರಳೆ ಮೆಟ್ರೋ ಹತ್ತಿದರೆ ಹಲಸೂರಿಗೆ ಇಳಿಯಬಹುದು.

ಓದಿನ ಮಾತಿಗೆ ಬರೋಣ. ಚೆನ್ನೈಯ ನೇತ್ರಾ ಕುಮಣನ್ ಒಲಿಂಪಿಕ್ಸ್ ಹಾಯಿದೋಣಿ ಸ್ಪರ್ಧೆಗೆ ಅರ್ಹತೆ ಪಡೆದ ನಮ್ಮ ದೇಶದ ಮೊದಲ ಮಹಿಳೆ. ಬೇಸಿಗೆ ಶಿಬಿರದಲ್ಲಿ ದೋಣಿ ಹತ್ತಿದ ಹುಡುಗಿ; ಭರತನಾಟ್ಯವನ್ನೂ ಕಲಿತಳು, ಮೆಕ್ಯಾನಿಕಲ್ ಇಂಜಿನಿಯರಿಂಗನ್ನೂ ಓದಿದಳು. 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ 35ನೇ ಸ್ಥಾನ, 2024ರ ಪ್ಯಾರಿಸ್‌ನಲ್ಲಿ 21ನೇ ಸ್ಥಾನ. ಪದಕ ಬರಲಿಲ್ಲ ಅಂತ ಮೂಗು ಮುರಿಯುವವರು ನಡುವೆ ಹದಿನಾಲ್ಕು ಮೆಟ್ಟಿಲು ಹತ್ತಿದ್ದನ್ನು ನೋಡಲಿ.

ಹಾಗೆಂದು ಎರಡೂ ಸುಲಭವಾಗಿ ನಡೆದುಹೋಗುತ್ತದೆ ಎಂದು ನಾನು ಹೇಳಲಾರೆ. ಗಾಳಿ ಬೀಳದಿದ್ದರೆ ಪಂದ್ಯ ಶುರುವಾಗೋದೇ ಇಲ್ಲ, ಬಿಸಿಲಲ್ಲಿ ಗಂಟೆಗಟ್ಟಲೆ ಕಾಯಬೇಕು. ಸಂಜೆ ಮನೆಗೆ ಬಂದ ಮಗುವಿಗೆ ಕೆಮಿಸ್ಟ್ರಿ ತಲೆಗೆ ಹೋಗೋಲ್ಲ. ಅಂಥ ದಿನ ಊಟ ಹಾಕಿ ಮಲಗಿಸಿ, ಬೆಳಗಿನ ಜಾವ ಎಬ್ಬಿಸಿ. ಪರೀಕ್ಷೆಗೆ ಮುಂಚಿನ ಎರಡು ತಿಂಗಳು ದೋಣಿಗೆ ರಜೆ ಎಂದು ವರ್ಷದ ಆರಂಭದಲ್ಲೇ ಮಗಳ ಬಾಯಲ್ಲೇ ಹೇಳಿಸಿ, ಕ್ಯಾಲೆಂಡರಿನಲ್ಲಿ ಅವಳ ಕೈಯಲ್ಲೇ ಗುರುತು ಹಾಕಿಸಿ. ನಾವು ಹೇಳಿದರೆ ಅದು ಅಪ್ಪಣೆ, ಅವಳು ಹೇಳಿದರೆ ಮಾತು. ಪಕ್ಕದ ಮನೆಯವರಿಗೂ ಇದನ್ನೇ ಹೇಳಿದೆ. ಈಗ ಬಿಡಿಸಿದರೆ ಅಂಕ ಹೆಚ್ಚುತ್ತದೆ ಅನ್ನೋ ಖಾತ್ರಿ ಏನು? ಮುಖ ಸಪ್ಪಗೆ ಮಾಡಿಕೊಂಡು ಪುಸ್ತಕದ ಮುಂದೆ ಕೂತರೆ ಓದಿದ ಹಾಗಾಯಿತೇ?

ಇನ್ನು ಕಪ್ಪಾಗೋ ಮಾತು. ತಲೆಗೆ ಟೋಪಿ, ಉದ್ದ ತೋಳಿನ ಅಂಗಿ, ಮುಖಕ್ಕೆ ಬಿಸಿಲು ತಡೆಯುವ ಕ್ರೀಮು ಇರಲಿ, ಚರ್ಮ ಸುಡಬಾರದು ನೋಡಿ. ಬಣ್ಣ ನೋಡಿ ಒಲ್ಲೆನೆನ್ನುವ ಗಂಡು ಬೇರೆ ಮನೆ ಹುಡುಕಿಕೊಳ್ಳಲಿ.

ನನಗೆ ಹೆಚ್ಚು ಯೋಚನೆಯಾದದ್ದು ಗೆಳತಿಯರ ವಿಷಯ. ಭಾನುವಾರದ ಸಿನಿಮಾ, ಹುಟ್ಟುಹಬ್ಬ ಎಲ್ಲ ತಪ್ಪಿದರೆ ಯಾರು ಎಷ್ಟು ದಿನ ಕರೆದಾರು? ಆ ವಯಸ್ಸಿನಲ್ಲಿ ಒಂಟಿಯಾಗೋದು ಫೇಲಾಗೋದಕ್ಕಿಂತ ದೊಡ್ಡ ನೋವು. ತಿಂಗಳಿಗೊಂದು ಸಂಜೆ ಆ ಹುಡುಗಿಯರನ್ನು ನೀವೇ ಮನೆಗೆ ಕರೆಯಿರಿ, ಬಿಸಿ ಬೋಂಡಾ ಮಾಡಿಕೊಟ್ಟು ಒಳಗೆ ಹೋಗಿಬಿಡಿ. ದೋಣಿಯಲ್ಲೂ ಗೆಳೆತನ ಹುಟ್ಟುತ್ತದೆ. ಕೊಡವ ಮನೆತನದ ಕೇಳಪಂಡ ಗಣಪತಿ ಚೆನ್ನೈಯ ವರುಣ್ ಠಕ್ಕರ್ ಜೊತೆ ಒಂದೇ ದೋಣಿಯಲ್ಲಿ 2018ರ ಏಷ್ಯನ್ ಕೂಟದ ಕಂಚು ಗೆದ್ದರು, ಟೋಕಿಯೋಗೂ ಜೋಡಿಯಾಗಿಯೇ ಹೋದರು. ಒಬ್ಬ ಮುನಿಸಿಕೊಂಡರೆ ದೋಣಿ ಮಗುಚುವ ಆಟ ಅದು!

ಎದುರಾಳಿಯಾದರೂ ಅಪಾಯದಲ್ಲಿದ್ದರೆ ನೆರವಾಗಬೇಕೆಂಬುದು ಈ ಆಟದ ನಿಯಮವೇ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಲಾರೆನ್ಸ್ ಲೆಮ್ಯೂ ಎರಡನೇ ಸ್ಥಾನದಲ್ಲಿ ಸಾಗುತ್ತಿದ್ದಾಗ, ಮಗುಚಿದ ಸಿಂಗಪುರದ ದೋಣಿ ಕಂಡು ತನ್ನ ದೋಣಿ ತಿರುಗಿಸಿ ಇಬ್ಬರನ್ನು ಕಾಪಾಡಿದ. ಆ ಪಂದ್ಯದಲ್ಲಿ 22ನೆಯವನಾಗಿ ಬಂದ. ತೀರ್ಪುಗಾರರು ಎರಡನೇ ಸ್ಥಾನವನ್ನೇ ಕೊಟ್ಟರು.

ಡಬ್ಬಿಗೆ ಮೊಸರನ್ನ ಬೇಡ, ಬಿಸಿಲಿಗೆ ಹುಳಿಯಾಗುತ್ತೆ. ಒಂದು ಪಾವು ರಾಗಿ ಹುರಿಹಿಟ್ಟಿಗೆ ಅರ್ಧ ಪಾವು ಪುಡಿಬೆಲ್ಲ, ಒಂದು ಹಿಡಿ ಹುರಿದು ತರಿಯಾಗಿ ಕುಟ್ಟಿದ ಕಡಲೇಕಾಯಿ ಬೀಜ, ಏಲಕ್ಕಿ ಸೇರಿಸಿ, ಬಿಸಿ ತುಪ್ಪ ಹಾಕಿ ಉಂಡೆ ಕಟ್ಟಿ. ಒದ್ದೆ ಕೈಯಿಂದ ಮುಟ್ಟಬೇಡಿ, ವಾರ ಇರುತ್ತದೆ. ಜೊತೆಗೆ ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ.

ನಿಮ್ಮೂರಿನ ಮಕ್ಕಳಿಗೂ ಆಸೆಯಿದ್ದರೆ, ಎನ್‌ಸಿಸಿಯ ನೌಕಾ ಘಟಕಗಳು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿವೆ. ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆ, ಸ್ವಂತ ದೋಣಿ ಕೊಳ್ಳುವ ಖರ್ಚಿಲ್ಲ. ಎಲ್ಲ ಕಾಲೇಜಿನಲ್ಲೂ ಈ ವಿಭಾಗ ಇರುವುದಿಲ್ಲ, ಆದ್ದರಿಂದ ಅರ್ಜಿ ಹಾಕುವ ಮುಂಚೆಯೇ ವಿಚಾರಿಸಿ. ಅಷ್ಟರೊಳಗೆ ಮಗುವಿಗೆ ಈಜು ಕಲಿಸಿರಿ.